ಸೊನ್ನೆ ಬೆಲೆಯ ಹುಡುಗರು

ಲೆಕ್ಕದಮ್ಮ ಹುಡುಗರ ಮೈದಾನಕ್ಕೆ ಇಳಿದು ಬಂದದ್ದನ್ನು ಮೊದಲು ಕಂಡವನು ಹುಲ್ಲು ಕತ್ತರಿಸುವ ಮುದುಕ. ಯಂತ್ರ ನಿಲ್ಲಿಸಿ ಖಾರ ಮೇಷ್ಟ್ರ ಹತ್ತಿರ ಬಂದು, "ಮೇಷ್ಟ್ರೇ, ಆಕಾಶ ಕಳಚಿ ಬಿದ್ದಿದೆ. ಅಲ್ಲಿ ನೋಡಿ" ಅಂದ.

ಆ ಫುಟ್‌ಬಾಲ್ ಕ್ಲಬ್ಬಿನ ಹಣಕಾಸು ಪೂರ್ತಿ ಅವಳ ಕೈಯಲ್ಲಿ. ಗಾಜಿನ ಕಟ್ಟಡದ ಮೇಲಿನ ಮಹಡಿ ಬಿಟ್ಟು ಕದಲಿದವಳಲ್ಲ. ಅಂಥವಳು ಈಗ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಒದ್ದೆ ಹುಲ್ಲಿನಿಂದ ಒಂದೊಂದಾಗಿ ಕೀಳುತ್ತಾ ಗೆರೆಯ ಪಕ್ಕದಲ್ಲೇ ನಡೆದು ಬರುತ್ತಿದ್ದಳು. ಬರುತ್ತಾ ಆಡುತ್ತಿದ್ದ ಹುಡುಗರನ್ನು ನೋಡುತ್ತಿದ್ದಳು. ಚೆಂಡನ್ನಲ್ಲ, ಹುಡುಗರನ್ನು. ಮೇಷ್ಟ್ರಿಗೆ ಅದು ಹಿಡಿಸಲಿಲ್ಲ. ಆಟ ನೋಡುವವನ ಕಣ್ಣು ಚೆಂಡಿನ ಹಿಂದೆ ಓಡಬೇಕು. ಕಾಲು, ತೊಡೆ, ಎದೆ ಎಂದು ಅಳೆಯುವ ಕಣ್ಣು ಬೇರೆ ಜಾಗದ್ದು.

ಖಾರ ಮೇಷ್ಟ್ರು ಎಂದರೆ ಆ ಕ್ಲಬ್ಬಿನ ಹುಡುಗರ ತರಬೇತುದಾರರು. ಹೆಸರೇ ಹೇಳುವ ಹಾಗೆ ಬಾಯಿ ಖಾರ. ಧಣಿ ಬಂದು ಕ್ಲಬ್ಬು ಕೊಳ್ಳುವ ಮುಂಚಿನಿಂದ, ಮೈದಾನಕ್ಕೆ ಬೇಲಿಯೂ ಇಲ್ಲದ ಕಾಲದಿಂದ ಅಲ್ಲಿದ್ದವರು. ಈ ಅವಧಿಯಲ್ಲಿ ಅವರು ಒಬ್ಬ ಹುಡುಗನನ್ನೂ ಹೊಗಳಿದ್ದಿಲ್ಲ. "ಪರವಾಗಿಲ್ಲ, ಕತ್ತೆಗಿಂತ ವಾಸಿ" ಎಂಬುದೇ ಅವರು ಕೊಟ್ಟ ದೊಡ್ಡ ಬಿರುದು. ಅದು ಸಿಕ್ಕ ಹುಡುಗ ಮನೆಗೆ ಹೋಗಿ ಅಮ್ಮನಿಗೆ ಹೇಳಿ ಕುಣಿಯುತ್ತಿದ್ದ.

"ಬನ್ನಿ ತಾಯಿ, ದಾರಿ ತಪ್ಪಿತಾ?" ಅಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ. ನಿಮ್ಮನ್ನೇ ಹುಡುಕ್ಕೊಂಡು ಬಂದೆ. ವರ್ಷದ ಲೆಕ್ಕ ಮುಚ್ಚೋ ಹೊತ್ತಾಯ್ತು. ದೊಡ್ಡ ತೂತಿದೆ."

"ತೂತಾ? ಧಣಿ ಹತ್ರ ದುಡ್ಡಿಗೆ ಬರವಾ? ಮೊನ್ನೆ ತಾನೆ ಸಂತೆಗೆ ಹೋದ ಹಾಗೆ ಹೋಗಿ ಆರು ಜನ ಆಟಗಾರರನ್ನ ತಂದ್ರು."

"ಅದೇ ತೂತು. ಧಣಿ ಹತ್ರ ದುಡ್ಡಿದೆ, ಸುರಿಯೋ ಹಾಗಿಲ್ಲ. ನಿಯಮ. ಕ್ಲಬ್ಬು ದುಡಿದಷ್ಟೇ ಖರ್ಚು ಮಾಡ್ಬೇಕು. ಮೂರು ವರ್ಷದ ನಷ್ಟ ಒಂದು ಗೆರೆ ದಾಟಿದ್ರೆ, ಗೆದ್ದ ಅಂಕಗಳನ್ನ ಕಿತ್ಕೋತಾರೆ. ಕೆಳಗಿನ ದರ್ಜೆಗೆ ಬೀಳ್ತೀವಿ."

ಮುದುಕ ಮೀಸೆಯಲ್ಲೇ ನಕ್ಕ. "ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ" ಅಂದು ಯಂತ್ರದ ಕಡೆ ಹೋದ.

ಲೆಕ್ಕದಮ್ಮ ನಗಲಿಲ್ಲ. ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳ ಹಾಗೆ ಬಿಡಿಸಿ ಹೇಳಿದಳು. "ನೋಡಿ, ನೂರು ಕೊಟ್ಟು ಒಬ್ಬನನ್ನ ಐದು ವರ್ಷಕ್ಕೆ ತಂದ್ವಿ ಅನ್ನಿ. ಲೆಕ್ಕದಲ್ಲಿ ವರ್ಷಕ್ಕೆ ಇಪ್ಪತ್ತರ ಹಾಗೆ ಹಂಚ್ತೀವಿ. ಮರುವರ್ಷ ಅವನನ್ನ ಎಂಬತ್ತಕ್ಕೆ ಮಾರಿದ್ರೆ ಲಾಭ ಏನೂ ಇಲ್ಲ, ಅವನ ತಲೆ ಮೇಲೆ ಇನ್ನೂ ಎಂಬತ್ತು ಕೂತಿರುತ್ತೆ. ಆದ್ರೆ ನೀವಿಲ್ಲಿ ಬೆಳೆಸ್ತೀರಲ್ಲ, ಈ ಹುಡುಗರನ್ನ ಯಾರಿಂದಲೂ ಕೊಂಡಿಲ್ಲ. ಲೆಕ್ಕದಲ್ಲಿ ಇವರ ಬೆಲೆ ಸೊನ್ನೆ. ಐವತ್ತಕ್ಕೆ ಮಾರಿದ್ರೆ ಐವತ್ತೂ ಲಾಭ."

"ಸೊನ್ನೆ?" ಮೇಷ್ಟ್ರ ಕಿವಿ ಕೆಂಪಾಯಿತು. "ಲಾಡಿ ಕಟ್ಟಕ್ಕೆ ಬರದೇ ಇರೋನ್ನ ತಂದು, ಮೂಗು ಒರೆಸಿ, ಬೈದು, ಹೊಡೆದು, ಮನುಷ್ಯನ್ನ ಮಾಡಿದ್ದಕ್ಕೆ ನಿಮ್ಮ ಲೆಕ್ಕದಲ್ಲಿ ಸೊನ್ನೆನಾ?"

"ಕೋಪ ಮಾಡ್ಕೋಬೇಡಿ. ಸೊನ್ನೆ ಆಗಿರೋದೇ ಒಳ್ಳೇದು." ಅವಳ ಕಣ್ಣು ಮೈದಾನದ ಎಡ ಅಂಚಿಗೆ ಹೋಗಿ ನಿಂತಿತು. ಅಲ್ಲಿ ಸಪೂರ ಕಾಲಿನ ಒಬ್ಬ ಇಬ್ಬರನ್ನು ದಾಟಿ, ಮೂರನೆಯವನ ಕಾಲ ಸಂದಿಯಲ್ಲೇ ಚೆಂಡು ತೂರಿಸಿಕೊಂಡು ಹೊರಟಿದ್ದ. "ಅವನು ನಿಮ್ಮ ಅಕ್ಕನ ಮಗ ಅಲ್ವಾ? ಎಡಚ ಅಂತಾರಲ್ಲ? ಶನಿವಾರ ಅವನನ್ನ ದೊಡ್ಡ ತಂಡದ ಜೊತೆ ಬೆಂಚಲ್ಲಿ ಕೂರಿಸ್ತಾರೆ. ಕೊನೇಲಿ ಸ್ವಲ್ಪ ಹೊತ್ತು ಇಳಿಸ್ತಾರೆ. ದೊಡ್ಡ ತಂಡದಲ್ಲಿ ಒಮ್ಮೆ ಆಡಿದವನಿಗೆ ಬೆಲೆನೇ ಬೇರೆ."

"ಯಾರು ಕೊಳ್ತಾರೆ?"

"ಧಣಿಗಳ ಸ್ನೇಹಿತರದ್ದೊಂದು ಕ್ಲಬ್ಬಿದೆ, ಹೊರದೇಶದಲ್ಲಿ. ನಮಗೆ ಎಷ್ಟು ಬೇಕೋ ಅಷ್ಟಕ್ಕೆ ಕೊಳ್ತಾರೆ." ಚಪ್ಪಲಿ ಕಿತ್ತುಕೊಳ್ಳುತ್ತಾ ತಿರುಗಿದವಳು ಮತ್ತೆ ನಿಂತಳು. "ಕೊನೇ ಮಾತು ನಿಮ್ಮದೇ ಮೇಷ್ಟ್ರೇ. ನೀವು ಹೇಳಿದವನೇ ಹೋಗ್ತಾನೆ. ನಿಮ್ಮ ಮಾತಿಗೆ ಅಲ್ಲೂ ಬೆಲೆ ಇದೆ. ಸುಳ್ಳು ಹೇಳದೇ ಇರೋನು ಅಂತ."

ದುಡ್ಡಿದ್ದವನ ಕೈ ಕಟ್ಟಿಬಿಟ್ಟರೆ ಸುಮ್ಮನೆ ಕೂರುತ್ತಾನೆ ಎಂದು ನಿಯಮ ಮಾಡಿದವರು ಅಂದುಕೊಂಡಿರಬೇಕು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು. ಕೈ ಕಟ್ಟಿಸಿಕೊಂಡವನು ತನ್ನ ಮನೆಯ ಹಟ್ಟಿಯ ಕಡೆಗೇ ನೋಡುತ್ತಾನೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಸಂಜೆ ಮೇಷ್ಟ್ರು ಮನೆಗೆ ಹೋದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಹಾಡು ಗುನುಗುತ್ತಿದ್ದಳು. ಗಂಡ ಸತ್ತ ಮೇಲೆ ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು ತಮ್ಮನ ಮನೆಗೆ ಬಂದವಳು. ಪರದೆ, ದಿಂಬಿನ ಚೀಲ ಹೊಲಿದೇ ಮಗನ ಬೂಟು ಕೊಡಿಸಿದವಳು.

"ಬಂದ್ಯಾ? ವಿಷಯ ಗೊತ್ತಾಯ್ತಾ? ಶನಿವಾರ ನನ್ನ ಮಗ ದೊಡ್ಡವರ ಪಕ್ಕ ಕೂರ್ತಾನಂತೆ!"

"ಕೂರೋದಕ್ಕೆ ಇಷ್ಟು ಕುಣೀತೀಯಾ? ಆಡಿದ್ರೆ ಛಾವಣಿ ಕಿತ್ತು ಹಾಕ್ತೀಯ."

"ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬಂದ್ರೆ ಹಲ್ಲು ಉದುರುತ್ತಾ? ಸ್ವಂತ ಅಳಿಯ ಕಣೋ!"

ಎಡಚ ಒಳಗಿನಿಂದ ಬಂದು ಮಾವನ ಮುಂದೆ ನಿಂತ. ಇಪ್ಪತ್ತರ ಹುಡುಗ, ನಗುವನ್ನು ತಡೆದುಕೊಳ್ಳಲು ಕೆಳತುಟಿ ಕಚ್ಚಿಕೊಂಡಿದ್ದ. "ಮಾಮ, ನಾನು ಬೇರೆಲ್ಲೂ ಹೋಗಲ್ಲ. ಇಲ್ಲೇ ಆಡ್ತೀನಿ, ಮುದುಕ ಆಗೋವರೆಗೂ. ನೋಡ್ತಾ ಇರು."

ಮೇಷ್ಟ್ರು ಕೈಕಾಲು ತೊಳೆಯಲು ಹೋದರು. ಕಟುಕ ಕುರಿಯ ಬೆನ್ನು ಸವರಿದರೆ ಕುರಿಗೆ ಅದು ಪ್ರೀತಿ.

ಮಾರಾಟವಾದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು, ಅರ್ಧ ಮಾತ್ರ. ಪೂರ್ತಿ ಗೊತ್ತಾದದ್ದು ಎರಡು ದಿನದ ಮೇಲೆ, ಮೈದಾನದ ಖಾಲಿ ಮೆಟ್ಟಿಲಿನಲ್ಲಿ ಕೂತಿದ್ದ ಒಬ್ಬ ದಪ್ಪಗಿನ ಯುವಕ "ಮೇಷ್ಟ್ರೇ" ಎಂದಾಗ. ಅವರಿಗೆ ಗುರುತೇ ಸಿಗಲಿಲ್ಲ.

"ಜಿಂಕೆ ಮೇಷ್ಟ್ರೇ. ನಿಮ್ಮ ಜಿಂಕೆ."

ಓಟಕ್ಕೆ ಜಿಂಕೆ ಎಂದೇ ಕರೆಸಿಕೊಂಡಿದ್ದ ಹುಡುಗ. ಕೆಲವು ವರ್ಷದ ಕೆಳಗೆ ಅದೇ ಹೊರದೇಶದ ಕ್ಲಬ್ಬಿಗೆ ಮಾರಾಟವಾಗಿದ್ದ. ಊರೆಲ್ಲ ಹೊಟ್ಟೆಕಿಚ್ಚು ಪಟ್ಟಿತ್ತು. ಈಗ ರಜೆಗೆ ಊರಿಗೆ ಬಂದಿದ್ದ; ಗಲ್ಲ ಇಳಿದಿತ್ತು, ಕೂತಲ್ಲೇ ಏದುಸಿರು.

"ಏನೋ ಇದು, ಗೋಣಿಚೀಲ ಆಗಿದ್ದೀಯ? ಅಲ್ಲಿ ಯಾರೂ ಬೈಯೋರಿಲ್ವಾ?"

"ಇಲ್ಲ ಮೇಷ್ಟ್ರೇ. ಬೈಯಕ್ಕೂ ಮಾತಾಡಿಸ್ಬೇಕಲ್ಲ." ಜಿಂಕೆ ನಕ್ಕ. "ನನ್ನನ್ನ ಆಡಿಸಕ್ಕೆ ಕೊಂಡಿದ್ದಲ್ಲ. ಇಲ್ಲಿನ ತೂತು ಮುಚ್ಚಕ್ಕೆ ಕೊಂಡಿದ್ದು. ಸಂಬಳ ತಪ್ಪದೆ ಬರುತ್ತೆ. ಬೆಳಿಗ್ಗೆ ಹೋಗ್ತೀನಿ, ಒಬ್ಬನೇ ಗೋಡೆಗೆ ಒದೀತೀನಿ, ಬರ್ತೀನಿ."

"ಬೇರೆ ಕಡೆ ಹೋಗೋ, ಮೂಢ!"

"ಹೇಗೆ ಹೋಗ್ಲಿ? ನನ್ನ ಯೋಗ್ಯತೆ ಹತ್ತು. ಅವರ ಲೆಕ್ಕದಲ್ಲಿ ನನ್ನ ತಲೆ ಮೇಲೆ ಇನ್ನೂ ಐವತ್ತು ಕೂತಿದೆ. ಹತ್ತಕ್ಕೆ ಬಿಟ್ರೆ ನಲವತ್ತು ನಷ್ಟ ತೋರಿಸ್ಬೇಕಲ್ಲ, ಅವರಿಗೂ ಅದೇ ನಿಯಮ. ಅದಕ್ಕೆ ಕರಾರು ಮುಗಿಯೋವರೆಗೂ ಇಟ್ಕೊಂಡಿದ್ದಾರೆ. ಮುಗಿಯೋ ಹೊತ್ತಿಗೆ ನಾನೂ ಮುಗಿದಿರ್ತೀನಿ."

ಎದುರಿಗೆ ಕೂತ ದಪ್ಪ ಮೈಯಲ್ಲಿ ಮೇಷ್ಟ್ರಿಗೆ ಕಂಡದ್ದು ಜಿಂಕೆಯಲ್ಲ, ಎಡಚ.

ಅಂದು ಮಧ್ಯಾಹ್ನವೇ ಮೇಲಿನ ಮಹಡಿಗೆ ಹತ್ತಿದರು. ಕೆಸರಿನ ಬೂಟು ಬಾಗಿಲಲ್ಲೇ ಬಿಟ್ಟು, ತೂತು ಬಿದ್ದ ಕಾಲುಚೀಲದಲ್ಲಿ, ಮೆತ್ತನೆ ನೆಲಹಾಸಿನ ಮೇಲೆ ನಡೆದರು. ಕೋಣೆಯಲ್ಲಿ ಲೆಕ್ಕದಮ್ಮ ಒಬ್ಬಳೇ. ಗೋಡೆ ಪೂರ್ತಿ ಗಾಜು; ಕೆಳಗೆ ಹುಡುಗರ ಮೈದಾನ ಅಂಗೈಯಷ್ಟು ಕಾಣುತ್ತಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಮೇಷ್ಟ್ರು ನಿಂತೇ ಹೇಳಿಬಿಟ್ಟರು.

"ಎಡಚ ಬೇಡ. ಅವನ ಎಡಗಾಲಿನ ಕೀಲು ಸರಿ ಇಲ್ಲ. ಒಳಗಿನ ನೋವು, ಬಂದು ಹೋಗಿ ಮಾಡುತ್ತೆ."

"ನಮ್ಮ ಡಾಕ್ಟರ್ ಏನೂ ಹೇಳ್ಲಿಲ್ಲವಲ್ಲ?"

"ಡಾಕ್ಟರು ಅವನ ಜೊತೆ ಮಲಗಿ ಏಳ್ತಾರಾ? ನಮ್ಮನೇಲಿ ಅವನು ಕುಂಟೋದನ್ನ ನಾನು ನೋಡ್ತೀನಿ. ಕೊಳ್ಳೋರ ಡಾಕ್ಟರು ಕೊನೇ ದಿನ ಹಿಡಿದ್ರೆ ಏನು ಮಾಡ್ತೀರಿ?"

ಅವಳು ಲೇಖನಿ ಕೆಳಗಿಟ್ಟಳು. ಅದು ಅವಳಿಗೆ ನಾಟಿತ್ತು. ವ್ಯಾಪಾರ ಕೊನೆ ದಿನ ಮುರಿದರೆ ಮತ್ತೊಬ್ಬನನ್ನು ಹುಡುಕಲು ಹೊತ್ತೇ ಇರುವುದಿಲ್ಲ. "ಹಾಗಾದ್ರೆ ಯಾರು?"

ಮೇಷ್ಟ್ರು ಗಾಜಿನಿಂದ ಕೆಳಗೆ ನೋಡಿದರು. ಗೋಲು ಕಾಯುವ ಒಬ್ಬ ಉದ್ದನೆಯ ಹುಡುಗ ಒಂಟಿಯಾಗಿ ನಿಂತಿದ್ದ. ಮೌನಿ. ಅಪ್ಪ ಅಮ್ಮ ಯಾರೆಂದು ಅವನಿಗೂ ಗೊತ್ತಿಲ್ಲ. ಕ್ಲಬ್ಬಿನ ಹಾಸ್ಟೆಲಿನಲ್ಲೇ ಬೆಳೆದವನು. ಹೋದರೆ ಅಳುವವರಿಲ್ಲ, ಬಂದರೆ ಕೇಳುವವರಿಲ್ಲ.

"ಮೌನಿ" ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಹೆದರಿಕೆಗೆ ಬಾಯಿ ಓಡಿತು. "ಚಿನ್ನ ಅವನು. ಅಂಥ ಕೈ ನಾನು ನನ್ನ ಆಯುಸ್ಸಿನಲ್ಲಿ ನೋಡಿಲ್ಲ."

ಲೆಕ್ಕದಮ್ಮ ಕೆಳಗಿಟ್ಟ ಲೇಖನಿಯನ್ನು ಮತ್ತೆ ಎತ್ತಿಕೊಂಡಳು. ಜನ್ಮದಲ್ಲಿ ಹೊಗಳದ ಮನುಷ್ಯ ಹೊಗಳುತ್ತಿದ್ದ. "ನೀವೇ ಹೀಗೆ ಹೇಳಿದ್ರೆ ಇನ್ನೇನು ಬೇಕು. ಇದೇ ಮಾತನ್ನ ಅವರಿಗೆ ಕಳಿಸ್ತೀನಿ" ಅಂದಳು. ಮತ್ತೆ, ಏನೋ ನೆನಪಾದವಳ ಹಾಗೆ: "ಅಂದ್ರೆ ಎಡಗಡೆಗೆ ನಮ್ಮಲ್ಲಿ ಆಳಿಲ್ಲ ಅಂತಾಯ್ತು."

ಮೇಷ್ಟ್ರು ಆ ಮಾತಿಗೆ ಕಿವಿ ಕೊಡಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಎದೆ ಹಗುರ ಮಾಡಿಕೊಂಡು ಮೆಟ್ಟಿಲಿಳಿದರು.

ಶನಿವಾರ ಎಡಚನನ್ನು ಕೂರಿಸಲಿಲ್ಲ. ಅವನು ಬೂಟನ್ನು ಮಂಚದ ಕೆಳಗೆ ತಳ್ಳಿ, ಗೋಡೆ ಕಡೆ ತಿರುಗಿ ಮಲಗಿದ. ಅಕ್ಕ ಇಡೀ ಆಡಳಿತ ಮಂಡಳಿಯ ವಂಶಕ್ಕೆ ಶಾಪ ಹಾಕಿದಳು. ಮೇಷ್ಟ್ರು ತಲೆ ತಗ್ಗಿಸಿ ಊಟ ಮಾಡಿದರು. ಒಂದು ವಾರ ಅಳಲಿ, ಬದುಕೆಲ್ಲ ಗೋಡೆಗೆ ಒದೆಯುವುದಕ್ಕಿಂತ ವಾಸಿ ಎಂದುಕೊಂಡರು.

ಮೌನಿ ಹೊರಡುವ ದಿನ ಮೈದಾನಕ್ಕೆ ಬಂದ. ಹೊಸ ಕೋಟು, ತೋಳು ಗಿಡ್ಡ. ಮೇಷ್ಟ್ರ ಮುಂದೆ ನಿಂತು ಕೈಗವಸನ್ನು ತಿರುಗಿಸುತ್ತಾ ಇದ್ದ. ಅವನು ಒಟ್ಟಿಗೆ ನಾಲ್ಕು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅಂದು ಆಡಿದ.

"ಮೇಷ್ಟ್ರೇ, ನೀವು ನನ್ನನ್ನ ಚಿನ್ನ ಅಂದ್ರಂತೆ. ಲೆಕ್ಕದಮ್ಮ ಕಾಗದ ಓದಿ ಹೇಳಿದ್ರು. ನಾನು ನಂಬಲಿಲ್ಲ. ಮತ್ತೆ ಓದಿಸ್ದೆ." ಅವನ ಕಣ್ಣು ತುಂಬಿತ್ತು. "ನನಗೆ ಯಾರೂ ಇಲ್ಲ ಅಂತ ಇಷ್ಟು ದಿನ ಅನ್ಕೊಂಡಿದ್ದೆ."

"ಹೋಗು, ಹೋಗು. ತಡ ಆಗುತ್ತೆ" ಎಂದು ಮೇಷ್ಟ್ರು ಗದರಿದರು. ಗದರಿದ ದನಿ ತಮ್ಮದಲ್ಲ ಎನಿಸಿತು. ಹುಲ್ಲಿನ ಮುದುಕ ಪಕ್ಕದಲ್ಲಿದ್ದವನು ಯಂತ್ರದ ಬ್ಲೇಡು ಒರೆಸುತ್ತಾ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದು ತನ್ನಷ್ಟಕ್ಕೆ ತಾನು ಅಂದುಕೊಂಡ. ಅವನಿಗೆ ಎಷ್ಟು ಗೊತ್ತಿತ್ತೋ ಮೇಷ್ಟ್ರು ಕೇಳಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಅದಾದ ವಾರದಲ್ಲಿ ಕ್ಲಬ್ಬಿನ ಗೋಡೆಯ ತುಂಬ ಒಬ್ಬ ಆಟಗಾರನ ಚಿತ್ರ ಬಿತ್ತು. ಕಟ್ಟಡದಷ್ಟು ಎತ್ತರ, ಎಡಗಾಲು ಚೆಂಡಿನ ಮೇಲೆ. ಬೀದಿಯಲ್ಲಿ ಜನ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಮೇಷ್ಟ್ರು ಆ ಚಿತ್ರದ ಕೆಳಗೆ ನಿಂತು ಕಾಲಿನಿಂದ ತಲೆಯವರೆಗೆ ನೋಡಿದರು. ಆಮೇಲೆ ಬೂಟು ಬಿಚ್ಚುವುದನ್ನೂ ಮರೆತು ಮೇಲಿನ ಮಹಡಿಗೆ ಓಡಿದರು.

"ಇದೇನಮ್ಮಾ ಇದು? ತೂತು ಮುಚ್ಚಕ್ಕೆ ಅಂತ ಹುಡುಗನ್ನ ಮಾರಿ, ಇನ್ನೊಬ್ಬನನ್ನ ತಂದಿದ್ದೀರಿ!"

"ತೂತು ಮುಚ್ಚಿತಲ್ಲ, ಮೇಲೆ ದುಡ್ಡೂ ಉಳೀತು" ಅಂದಳು ಲೆಕ್ಕದಮ್ಮ. "ನಿಮ್ಮ ಮಾತಿನ ಮೇಲೆ ಅವರು ನಾವು ಕೇಳಿದ್ದಕ್ಕಿಂತ ಜಾಸ್ತಿನೇ ಕೊಟ್ರು. ಉಳಿದಿದ್ದನ್ನ ನೋಡಿ ಧಣಿಗಳು ಸುಮ್ನಿರ್ತಾರಾ? ಎಡಗಡೆಗೆ ಆಳಿಲ್ಲ ಅಂತ ನೀವೇ ಹೇಳಿದ್ರಿ. ಇವನ ಬೆಲೆನ ಐದು ವರ್ಷಕ್ಕೆ ಹಂಚಿದ್ವಿ. ಮೊದಲನೇ ವರ್ಷದ ಪಾಲಿಗೆ ಮೌನಿ ಸರಿಹೋದ."

"ಎರಡನೇ ವರ್ಷಕ್ಕೆ?"

ಅವಳು ಕನ್ನಡಕ ತೆಗೆದು ಒರೆಸಿದಳು. ಆಯಾಸ ಬಿಟ್ಟರೆ ಆ ಮುಖದಲ್ಲಿ ಕೆಟ್ಟತನ ಏನೂ ಇರಲಿಲ್ಲ. ಅದೇ ಮೇಷ್ಟ್ರನ್ನು ಹೆದರಿಸಿತು. "ವರ್ಷಕ್ಕೊಬ್ಬ ಬೇಕಾಗುತ್ತೆ. ಈ ಕರಾರು ಮುಗಿಯೋವರೆಗೂ. ಮುಗಿಯೋದ್ರೊಳಗೆ ಧಣಿಗಳು ಇನ್ನೊಬ್ಬನನ್ನ ತರ್ತಾರೆ, ಅದು ಬೇರೆ ಮಾತು. ಮುಂದಿನ ವರ್ಷಕ್ಕೆ ನಿಮ್ಮ ಅಳಿಯನ ಕೀಲು ವಾಸಿ ಆಗಿರುತ್ತಲ್ಲ? ಇಲ್ಲಿ ಇನ್ನು ಅವನಿಗೆ ಜಾಗ ಕಷ್ಟ. ಆಗಾಗ ಕೊನೇ ಗಳಿಗೇಲಿ ಇಳಿಸ್ತಾರೆ, ಜನ ನೋಡ್ಲಿ ಅಂತ."

"ನಾನು ಸುಳ್ಳು ಹೇಳ್ದೆ" ಅಂದರು ಮೇಷ್ಟ್ರು. ಎಷ್ಟು ಜೋರಾಗಿ ಹೇಳಿದರೆಂದರೆ ಪಕ್ಕದ ಕೋಣೆಯಲ್ಲಿ ಯಾರೋ ಮಾತು ನಿಲ್ಲಿಸಿದರು. "ಅವನ ಕಾಲಿಗೆ ಏನೂ ಆಗಿಲ್ಲ. ಮೌನಿ ಚಿನ್ನನೂ ಅಲ್ಲ, ಎಲ್ಲರಂಥ ಹುಡುಗ. ವಾಪಸ್ ಕರೆಸಿ!"

"ಅದು ಇನ್ನೂ ಒಳ್ಳೇದಾಯ್ತು, ಅಳಿಯನ ಕಾಲು ಚೆನ್ನಾಗಿದ್ರೆ" ಅಂದಳು ಅವಳು ಮೆಲ್ಲಗೆ. "ಮೌನಿ ವಿಷಯ ಮಾತ್ರ ಹೊರಗೆ ಆಡ್ಬೇಡಿ. ಬೆಲೆ ಬಿದ್ರೆ ಅವನಿಗೇ ಕಷ್ಟ."

ಮೇಷ್ಟ್ರು ಮನೆಗೆ ಹೋಗಿ ಎಡಚನನ್ನು ಹಿತ್ತಲಿಗೆ ಕರೆದು, ಎಲ್ಲವನ್ನೂ ಹೇಳಿದರು. ಕೀಲು ನೋವಿನ ಸುಳ್ಳು, ಮೌನಿ, ಗೋಡೆಯ ಮೇಲಿನ ಚಿತ್ರ, ವರ್ಷಕ್ಕೊಬ್ಬ. ಕೆನ್ನೆಗೆ ಹೊಡೆಯುತ್ತಾನೆ ಎಂದುಕೊಂಡಿದ್ದರು, ಹೊಡೆದಿದ್ದರೆ ಚೆನ್ನಾಗಿತ್ತು. ಎಡಚ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ.

"ಮೌನಿ ನನಗೆ ದಿನಾ ಬೂಟು ಒರೆಸಿಕೊಡ್ತಿದ್ದ ಮಾಮ. ಬೇಡ ಅಂದ್ರೂ."

"ಗೊತ್ತು."

"ಸರಿ, ಈಗ ಹೇಳು. ಚೆನ್ನಾಗಿ ಆಡಿದ್ರೆ ಮಾರ್ತಾರೆ. ಕೆಟ್ಟದಾಗಿ ಆಡಿದ್ರೆ ಕೂರಿಸ್ತಾರೆ. ಸುಮ್ನೆ ಬಿಟ್ಟು ಹೋದ್ರೆ ನನ್ನ ಬದಲು ಕೆಳಗಿನ ಸಾಲಿನಿಂದ ಇನ್ನೊಬ್ಬನನ್ನ ಎತ್ಕೊಳ್ತಾರೆ. ಹೇಗೆ ಆಡ್ಲಿ? ಕಲಿಸಿದವನು ನೀನೇ ಅಲ್ವಾ, ಹೇಳು."

ಮೇಷ್ಟ್ರು ಕಲ್ಲಿನ ಪಕ್ಕ ಬಿದ್ದಿದ್ದ ಹಳೆ ಚೆಂಡನ್ನು ಎತ್ತಿಕೊಂಡು ಮಣ್ಣು ಒರೆಸತೊಡಗಿದರು. ಎಡಚ ಎದ್ದು, ಪ್ಯಾಂಟಿನ ಹಿಂಭಾಗ ಝಾಡಿಸಿ, "ನನಗೆ ಬರೋದು ಒಂದೇ ತರ" ಎಂದು ಒಳಗೆ ಹೋದ.

ಹೊಸ ವರ್ಷದ ಪಂದ್ಯಗಳು ಶುರುವಾದವು. ಮೊದಲನೆಯದಕ್ಕೆ ಕ್ರೀಡಾಂಗಣ ಕಿಕ್ಕಿರಿದಿತ್ತು. ಅಕ್ಕ ಹೊಸ ಸೀರೆ ಉಟ್ಟು, ಮೇಷ್ಟ್ರ ಪಕ್ಕದಲ್ಲಿ ಕೂತು, ಆಟ ಅರ್ಥವಾಗದಿದ್ದರೂ ರೆಫರಿಗೆ ಬೈಯುತ್ತಿದ್ದಳು. ಅವಳಿಗೆ ಇವರಿಬ್ಬರೂ ಏನೂ ಹೇಳಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಗೋಡೆಯ ಚಿತ್ರದವನನ್ನು ಹೊರಗೆ ಕರೆದು, ಎಡಚನನ್ನು ಇಳಿಸಿದರು.

ಕೆಟ್ಟದಾಗಿ ಆಡು ಎಂದು ಮೇಷ್ಟ್ರು ಒಳಗೊಳಗೇ ಬೇಡಿಕೊಂಡರು. ಎಡವು. ಚೆಂಡು ಕಳಕೋ. ಒಂದೇ ಒಂದು ಸಲ ಕತ್ತೆಯ ಹಾಗೆ ಆಡೋ, ನನ್ನಪ್ಪ.

ಎಡಚನಿಗೆ ಚೆಂಡು ಸಿಕ್ಕಿದ್ದು ಗೆರೆಯ ಅಂಚಿನಲ್ಲಿ. ಒಬ್ಬನನ್ನು ದಾಟಿದ. ನಿಂತ, ಎಲ್ಲರೂ ನಿಂತರು. ಮತ್ತೆ ಹೊರಟ. ಎರಡನೆಯವನು ಜಾರಿ ಬಿದ್ದ. ಮೇಷ್ಟ್ರು ಇಷ್ಟು ವರ್ಷ ಕಿರುಚಿ ಕಿರುಚಿ ಕಲಿಸಿದ್ದೆಲ್ಲ ಆ ಸಪೂರ ಕಾಲಿನಲ್ಲಿ ಒಂದೂ ತಪ್ಪದೆ ಇತ್ತು, ಅವರು ಕಲಿಸದೆ ಇದ್ದದ್ದೂ ಇತ್ತು. ಚೆಂಡು ಗೋಲಿನ ಮೂಲೆಗೆ ಹೋಗಿ ಬಲೆಯನ್ನು ಉಬ್ಬಿಸಿತು.

ಇಡೀ ಕ್ರೀಡಾಂಗಣ ಎದ್ದು ನಿಂತಿತು. ಕಿವಿ ಕಿವುಡಾಗುವ ಸದ್ದು. ಅಕ್ಕ ಅಳುತ್ತಾ ನಗುತ್ತಾ ತಮ್ಮನ ರಟ್ಟೆ ಹಿಡಿದು ಎಳೆದಳು. "ಏಳೋ! ಕಲ್ಲಿನಂಥವನೇ, ಏಳೋ! ನನ್ನ ಮಗ ಕಣೋ ಅವನು!"

ಮೇಷ್ಟ್ರು ಎದ್ದರು. ಏಳುವಾಗ ಕಣ್ಣು ತಾನಾಗಿ ಮೇಲಿನ ಗಾಜಿನ ಕೋಣೆಯ ಕಡೆ ಹೋಯಿತು. ಅಲ್ಲಿ ಧಣಿ ಎರಡೂ ಕೈ ಎತ್ತಿ ಮಗುವಿನ ಹಾಗೆ ಕುಣಿಯುತ್ತಿದ್ದ. ಪಕ್ಕದಲ್ಲಿ ಲೆಕ್ಕದಮ್ಮ ಕೂತೇ ಇದ್ದಳು. ಧಣಿ ಬಗ್ಗಿ ಅವಳನ್ನು ಏನೋ ಕೇಳಿದ. ಅವಳು ಕಾಗದದ ಮೇಲೆ ಏನೋ ಅಂಕಿ ಬರೆದು ತೋರಿಸಿದಳು. ಧಣಿಯ ಕೈ ಇನ್ನೂ ಮೇಲಕ್ಕೆ ಹೋಯಿತು.

"ನೋಡ್ದ್ಯಾ, ನೋಡ್ದ್ಯಾ!" ಎನ್ನುತ್ತಿದ್ದಳು ಅಕ್ಕ.

"ನೋಡ್ದೆ ಅಕ್ಕ" ಅಂದರು ಮೇಷ್ಟ್ರು.